ಬಿದ್ದುಹೋದ ಸಾಲು

ಮದುವೆಯ ಯಾದಿ ಬರೆದವರಿಗೆ ಗೊತ್ತು, ಅದರೊಳಗಿನ ಸಾಲುಗಳೆಲ್ಲ ಒಂದೇ ತೂಕದವಲ್ಲ. ತಾಳಿ ಬರದಿದ್ದರೆ ಮದುವೆ ನಿಲ್ಲುತ್ತದೆ. ಹಪ್ಪಳ ಬರದಿದ್ದರೆ ಬೀಗರ ಮುಖ ಸ್ವಲ್ಪ ದಪ್ಪಗಾಗುತ್ತದೆ, ಅಷ್ಟೆ. ಯಾವುದಕ್ಕೆ ಕಾಯಬೇಕು, ಯಾವುದನ್ನು ಬಿಟ್ಟು ಮುಂದೆ ಹೋಗಬೇಕು ಎಂಬುದನ್ನು ಮನೆಯ ಹಿರಿಯಳು ನಿಂತಲ್ಲೇ ತೀರ್ಮಾನಿಸುತ್ತಾಳೆ. ಈ ತೀರ್ಮಾನವನ್ನು ಯಂತ್ರಕ್ಕೆ ಬಿಟ್ಟುಕೊಟ್ಟರೆ?

ನನ್ನ ಅಣ್ಣನ ಮಗಳು ಶಿಗ್ಗಾಂವದಿಂದ ದಿನಾ ಬಸ್ಸು ಹಿಡಿದು ಹುಬ್ಬಳ್ಳಿಯ ಒಂದು ಕಾರ್ಖಾನೆಯ ಸ್ಟೋರ್ಸಿಗೆ ಹೋಗುತ್ತಾಳೆ. ಒಂದೊಂದು ವಿಭಾಗಕ್ಕೆ ಬೇಕಾದ ಸಾಮಾನನ್ನು ಎಕ್ಸೆಲ್ ಹಾಳೆಯಲ್ಲಿ ಸಾಲಾಗಿ ಜೋಡಿಸಿ, ಕಾರ್ಖಾನೆಯ ತಂತ್ರಾಂಶಕ್ಕೆ ಒಂದೇ ಸಲ ಏರಿಸುವುದು ಅವಳ ಕೆಲಸ. ಇದು ಆರ್ಡರ್ ಅಲ್ಲ, ಇಂಡೆಂಟು. ‘ನಮಗಿದು ಬೇಕು’ ಎಂದು ಒಳಗಿನವರು ಒಳಗಿನವರಿಗೇ ಬರೆದ ಅರ್ಜಿ. ಮಂಜೂರಾದ ಮೇಲಷ್ಟೇ ಅಂಗಡಿಯವನಿಗೆ ಆರ್ಡರ್. ಜರ್ಮನಿಯಲ್ಲಿ 1972ರಲ್ಲಿ ಹುಟ್ಟಿದ ಸ್ಯಾಪ್ ಕಂಪನಿಯ ತಂತ್ರಾಂಶ ಇಂಥವುಗಳಲ್ಲಿ ಹೆಸರಾದದ್ದು. ನಮ್ಮ ರಾಜ್ಯ ಸರಕಾರದ ಖರೀದಿಯೂ 2007ರಿಂದ ಕಂಪ್ಯೂಟರಿನ ದಾರಿ ಹಿಡಿದಿದೆ.

ಹಾಳೆಯಲ್ಲಿ ಅರವತ್ತು ಸಾಲು ಎನ್ನಿ. ಒಂದು ಸಾಲು ತಪ್ಪಿದರೆ ಅರವತ್ತೂ ನಿಲ್ಲಬೇಕೆ, ಆ ಒಂದನ್ನು ಬಿಟ್ಟು ಉಳಿದವು ಹೋಗಬೇಕೆ? ಎರಡು ಬಗೆಯೂ ಉಂಟು. ಮೊದಲನೆಯದು ಪಂಕ್ತಿಯ ನ್ಯಾಯ: ಕೊನೆಯ ಎಲೆಗೆ ಅನ್ನ ಬೀಳುವತನಕ ಯಾರೂ ಕೈ ಹಚ್ಚುವಂತಿಲ್ಲ. ಎರಡನೆಯದು ಬಸ್‌ಸ್ಟ್ಯಾಂಡಿನ ನ್ಯಾಯ: ಹತ್ತಿದವರು ಹತ್ತಿದರು.

ಬ್ಯಾಂಕಿನಲ್ಲಿ ಒಂದು ಖಾತೆಯಿಂದ ತೆಗೆದು ಇನ್ನೊಂದಕ್ಕೆ ಹಾಕುವಾಗ ಪಂಕ್ತಿಯ ನ್ಯಾಯವೇ ಬೇಕು. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಇಂಡೆಂಟಿನಲ್ಲಿ ಹಾಗಲ್ಲ. ಒಬ್ಬರ ಕೋಡಿನ ಮುಂದಿನ ಸೊನ್ನೆ ಹೋದದ್ದಕ್ಕೆ ಇನ್ನೊಬ್ಬರ ಬಾಯ್ಲರಿನ ವಾಷರ್ ಯಾಕೆ ತಡವಾಗಬೇಕು? ಅದೂ, ಕೋಡನ್ನು ಬರಿಯ ಅಂಕಿ ಎಂದುಕೊಂಡು ಎಕ್ಸೆಲ್ಲೇ ಆ ಸೊನ್ನೆ ಅಳಿಸಿರುತ್ತದೆ. (3-4 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದ ರೂಢಿಗೆ ಹೊಂದಿಸಿದ ಕಂಪ್ಯೂಟರಿಗೆ ಮಾರ್ಚ್ 4. ಇಂಥ ಸಾಲು ಬೀಳದೆ, ಸುಳ್ಳು ಹೊತ್ತುಕೊಂಡೇ ಒಳಗೆ ಹೋಗಬಹುದು. ಅದರ ಕಥೆಯೇ ಬೇರೆ.)

ಹಾಗಾದರೆ ಬಸ್‌ಸ್ಟ್ಯಾಂಡಿನ ನ್ಯಾಯವೇ ಸರಿಯೆ? ಅಲ್ಲಿ ಬೀಳುವ ಸಾಲು ಯಾರದು ಎಂದು ನೋಡಬೇಕು. ವರ್ಷವರ್ಷ ಕೊಳ್ಳುವ ಬೋಲ್ಟು, ಬೇರಿಂಗು ಸುಲಭಕ್ಕೆ ಬೀಳುವುದಿಲ್ಲ. ಅವುಗಳ ಕೋಡು, ಅಳತೆ ಮೊದಲೇ ಒಳಗೆ ಕೂತಿವೆ. ಬೀಳುವುದು ಇದುವರೆಗೆ ಯಾರೂ ಕೇಳದೆ ಇದ್ದದ್ದು. ಪ್ಯಾಕಿಂಗ್ ವಿಭಾಗದ ಹೆಣ್ಣುಮಕ್ಕಳು ಸಣ್ಣ ಅಳತೆಯ ಕೈಗವಸು ಕೇಳಿದರು. ಗಂಡಸರ ಅಳತೆಗೆ ಕೋಡು ಇತ್ತು, ಇವರದಕ್ಕೆ ಇರಲಿಲ್ಲ. ಕೋಡಿಲ್ಲದ್ದನ್ನು ಹೆಸರು ಬರೆದು ಕೇಳುವ ದಾರಿಯೇನೋ ಉಂಟು. ಆಗ ವಸ್ತು ಯಾವ ಗುಂಪಿನದು, ಖರ್ಚು ಯಾವ ಖಾತೆಗೆ ಎಂದೆಲ್ಲ ತುಂಬಬೇಕು. ಅದನ್ನು ಅವರು ಎಲ್ಲಿಂದ ತರಬೇಕು? ಐವತ್ತೊಂಬತ್ತು ಸಾಲು ಹೋದವು. ಉಳಿದ ಒಂದು ಕೆಂಪು ಸಾಲನ್ನು ಕಂಡವಳು ನಮ್ಮ ಹುಡುಗಿ ಒಬ್ಬಳೇ. ಕೇಳಿದವರು ಇಂದು ಬಂದೀತು, ನಾಳೆ ಬಂದೀತು ಎಂದು ಕಾಯುತ್ತಿದ್ದರು.

‘ಇಲ್ಲ’ ಎಂದವರೊಡನೆ ಜಗಳವಾಡಬಹುದು. ಬಿದ್ದುಹೋದದ್ದಕ್ಕೆ ಯಾರೊಡನೆ ಜಗಳ? ಮನೆಯ ಕಿರಾಣಿ ಚೀಟಿಯಲ್ಲಿ ನಮಗೆ ಬೇಕಾದದ್ದು ಕೊನೆಯ ಸಾಲಿನಲ್ಲಿರುತ್ತದೆ, ದುಡ್ಡು ಸಾಲದಾದಾಗ ಅದಕ್ಕೇ ಮೊದಲ ಗೀಟು. ಆದರೆ ಆ ಗೀಟು ಎಳೆದ ಕೈ ನಮ್ಮದೆಂದಾದರೂ ನಮಗೆ ಗೊತ್ತಿರುತ್ತದೆ.

“ಅತ್ತಿ, ಏರಸೂದು ನನ್ನ ಕೆಲಸ. ಬಿದ್ದದ್ದನ್ನ ಎತ್ತೂದು ಯಾರ ಕೆಲಸ ಅಂತ ಎಲ್ಲೂ ಬರದಿಲ್ಲ” ಎಂದಳು ಅವಳು. ಮಾತಿನಲ್ಲಿ ಸುಳ್ಳಿಲ್ಲ. ಆದರೂ ಕೆಂಪು ಸಾಲು ಕಂಡವರ ಮೇಲೆ ಅದರ ಋಣ ಬೀಳುತ್ತದೆ ಎಂದೇ ನನಗನಿಸುತ್ತದೆ, ಸಂಬಳ ಅದಕ್ಕಲ್ಲದಿದ್ದರೂ. ತಂತ್ರಾಂಶ ಹೊಂದಿಸಿದವರ ಮೇಲೆ ಇನ್ನೂ ಹೆಚ್ಚು. ಬಿದ್ದ ಸಾಲಿನ ಸುದ್ದಿ ಕೇಳಿದವರಿಗೇ ಮುಟ್ಟುವಂತೆ ಅವರು ಮಾಡಬಹುದಿತ್ತು.

ಈಗ ಅವಳು ಕೆಂಪು ಸಾಲುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಊಟದ ಹೊತ್ತಿನಲ್ಲಿ ಕೇಳಿದವರ ಬಳಿ ಹೋಗುತ್ತಾಳೆ. ಸಣ್ಣ ಕೈಗವಸಿಗೆ ಕೋಡು ಸಿಗಲು ಮೂರು ವಾರ ಹಿಡಿಯಿತು. ಅಲ್ಲಿಯವರೆಗೆ ಪ್ಯಾಕಿಂಗಿನ ಹೆಣ್ಣುಮಕ್ಕಳು ಗಂಡಸರ ಕೈಗವಸು ತೊಟ್ಟು, ಜಾರದಂತೆ ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಕೆಲಸ ಮಾಡಿದರಂತೆ.