ಮಚ್ಚು ಬಡಿಯುವ ಕೈಗೆ ಕ್ಷೌರಗತ್ತಿ

ಬೆಂಗಳೂರು–ಮೈಸೂರು ಹೆದ್ದಾರಿಯ ಕಾಮಗಾರಿಯನ್ನು ಎರಡು ಪಾಲು ಮಾಡಿದಾಗ ಗಡಿಯಾದದ್ದು ನಿಡಘಟ್ಟ. ಕಸುಬಿನ ಲೆಕ್ಕದಲ್ಲೂ ಅದು ಎರಡು ಸೀಮೆಗಳ ನಡುವಿನ ಊರೇ. ಹಿಂದಕ್ಕೆ ಹೋದರೆ ಮರ ಕಡೆಯುವ ಚನ್ನಪಟ್ಟಣ, ಮುಂದಕ್ಕೆ ಹೋದರೆ ಕಬ್ಬು, ಎಳನೀರಿನ ಮದ್ದೂರು, ಅಂದರೆ ಮಚ್ಚಿನ ಸೀಮೆ. ಅತ್ತ ಮರ, ಇತ್ತ ಕುಲುಮೆ ಇರುವಾಗ ಮರದ ಹಿಡಿಯ ಮಡಚುಗತ್ತಿಯೊಂದನ್ನು, ಹಳೇ ಕಾಲದ ಕ್ಷೌರಗತ್ತಿಯನ್ನು, ಇಲ್ಲೇ ಮಾಡಿಸಬಾರದೇಕೆ? ಹೊರದೇಶಗಳಲ್ಲಿ ಇದನ್ನು ಹಿತ್ತಿಲಲ್ಲೇ ಮಾಡಿಕೊಳ್ಳುವ ಹವ್ಯಾಸಿಗಳಿದ್ದಾರೆ.

ತೊಡಕು ಶುರುವಾಗುವುದು ಉಕ್ಕಿನಲ್ಲಿ. ಮಚ್ಚಿಗೆ ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿ ಸಾಕು. ಅದರಲ್ಲಿ ಇಂಗಾಲ ನೂರಕ್ಕೆ ಅರ್ಧ ಪಾಲಿನ ಆಸುಪಾಸು. ಏಟು ತಡೆಯುತ್ತದೆ, ಆದರೆ ಗಡ್ಡಕ್ಕೆ ಬೇಕಾದ ಹರಿತ ನಿಲ್ಲುವುದಿಲ್ಲ. ಕ್ಷೌರಗತ್ತಿಗೆ ಹೆಚ್ಚುಕಮ್ಮಿ ಒಂದು ಪಾಲು ಬೇಕು: ಒಳ್ಳೆಯ ಅರವೋ, ಬೇರಿಂಗಿನ ಉಕ್ಕೋ ಆದೀತು. ಅಯಸ್ಕಾಂತ ಹಿಡಿಯದಷ್ಟು ಕೆಂಪಗೆ ಕಾಸಿ, ಎಣ್ಣೆಗೆ ಅದ್ದಿ, ಮತ್ತೆ ಸುಮಾರು 200 ಡಿಗ್ರಿ ಕಾವಿನಲ್ಲಿ ಒಣಹುಲ್ಲಿನ ಬಣ್ಣ ಬರುವ ತನಕ ಹದಕ್ಕೆ ಇಳಿಸಬೇಕು. ಆಮೇಲೆ ಎರಡೂ ಕೆನ್ನೆ ಒಳಕ್ಕೆ ಬಾಗುವಂತೆ ಸಾಣೆಚಕ್ರಕ್ಕೆ ಹಿಡಿಯಬೇಕು, ಬೆನ್ನು ಮಾತ್ರ ದಪ್ಪ ಉಳಿಯಬೇಕು. ಆ ದಪ್ಪ ದಂಡಕ್ಕಲ್ಲ. ಕಲ್ಲಿನ ಮೇಲೆ ಮಲಗಿಸಿದರೆ ಬೆನ್ನೂ ಬಾಯೂ ಒಟ್ಟಿಗೆ ತಾಗುತ್ತವೆ. ಮಸೆಯುವವನ ಕೈ ಅಳುಕಿದರೂ ಕೋನ ತಪ್ಪುವುದಿಲ್ಲ. ಇದನ್ನು ಮೊದಲು ಯೋಚಿಸಿದವನಿಗೆ ನಾನಂತೂ ಕೈಮುಗಿಯುತ್ತೇನೆ.

ಉಕ್ಕಿಗೆ ಈ ಸೀಮೆಯಲ್ಲಿ ಬಡತನವಿರಲಿಲ್ಲ. 1800ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆ ತಂಗಡಿ ಕಡ್ಡಿ, ಹಸಿರೆಲೆ ಇಟ್ಟು ಬಾಯಿ ಮೆತ್ತಿ ಕಾಸುತ್ತಿದ್ದರು. ಕಡ್ಡಿಯ ಇಂಗಾಲ ಕಬ್ಬಿಣಕ್ಕಿಳಿದು ಉಕ್ಕಾಗುತ್ತಿತ್ತು. ಭಾರತದ ಇಂಥ ಮೂಸೆಯುಕ್ಕಿಗೆ ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಮನಸೋತಿದ್ದ. ಅದನ್ನು ವಿಶ್ಲೇಷಿಸಿ 1819ರಲ್ಲಿ ಲೇಖನ ಬರೆದವನು ಮೈಕೆಲ್ ಫ್ಯಾರಡೆ. ಇಬ್ಬರೂ ಸೇರಿ ಉಕ್ಕಿಗೆ ಬೇರೆ ಲೋಹ ಬೆರೆಸಿ ನೋಡಿದರು, ಆ ಉಕ್ಕಿನ ಕ್ಷೌರಗತ್ತಿಗಳನ್ನು ಫ್ಯಾರಡೆ ಗೆಳೆಯರಿಗೆ ಹಂಚಿದ. ವಿದ್ಯುತ್ತಿನ ಪಾಠದಲ್ಲಿ ಇದನ್ನು ನಮಗೆ ಯಾರೂ ಹೇಳಲಿಲ್ಲ.

ಇನ್ನು ಹಿಡಿ. ಚನ್ನಪಟ್ಟಣದ ಆಲೆ ಮರ ಬೊಂಬೆಗೆ ಒಗ್ಗುವ ಮೆದು ಮರ. ಅದಕ್ಕೆ ಅರಗು ಹತ್ತುವುದೂ ಲೇತಿನ ಮೇಲೆ ಗಿರ್ರನೆ ತಿರುಗುವಾಗ ಹುಟ್ಟುವ ಕಾವಿನಿಂದ. ಕತ್ತಿಯ ಹಿಡಿಗೆ ಬೇಕಾದದ್ದು ಎರಡು ಚಪ್ಪಟೆ ಹಲ್ಲೆ, ಅಲ್ಲಿ ಲೇತಿಗೆ ಕೆಲಸವಿಲ್ಲ. ಗಟ್ಟಿ ಬೀಟೆಯಾದರೆ ವಾಸಿ. ಹಲ್ಲೆಗಳ ಬುಡಕ್ಕೆ ಸಣ್ಣ ಬೆಣೆ ಇಟ್ಟು, ಹಿತ್ತಾಳೆ ಮೊಳೆ ಹೊಡೆದು ತಲೆ ಬಡಿಯಬೇಕು. ಬೆಣೆ ಚೂರು ಸೊಟ್ಟಗಾದರೂ ಮಡಚುವಾಗ ಬಾಯಿ ಮರಕ್ಕೆ ಉಜ್ಜಿ, ಅಷ್ಟೂ ಮಸೆತ ನೀರುಪಾಲು.

ಸಲೂನಿನಲ್ಲಿ ಈಗಿರುವುದು ಬ್ಲೇಡನ್ನು ಎರಡಾಗಿ ಮುರಿದು ಸಿಕ್ಕಿಸುವ ಸ್ಟೀಲ್ ಕತ್ತಿ, ತಲೆಗೊಂದು ಹೊಸ ಬ್ಲೇಡು. ರಕ್ತದಿಂದ ಹರಡುವ ರೋಗಗಳಿರುವಾಗ ಅದೇ ಸರಿ. ಅಡಪದೊಳಗಿನ ಒಂದೇ ಕತ್ತಿ ಊರಿನ ಗಡ್ಡವನ್ನೆಲ್ಲ ತೆಗೆಯುತ್ತಿದ್ದ ಕಾಲ ಮರಳಲಿ ಅನ್ನುವವನಲ್ಲ ನಾನು. ಕೈಯಲ್ಲಿ ಮಾಡಿದ ಕತ್ತಿ ಏನಿದ್ದರೂ ಸ್ವಂತ ಗಡ್ಡಕ್ಕೆ. ಅಂಥದೊಂದು ಮುಗಿಯುವುದರೊಳಗೆ ಕಮ್ಮಾರ ಎಷ್ಟು ಮಚ್ಚು ಬಡಿದಿರುತ್ತಿದ್ದನೋ, ಆ ಲೆಕ್ಕದಲ್ಲಿ ಕೂಲಿ ಕೊಡುವ ಗಿರಾಕಿ ಸಿಕ್ಕರೆ ನಿಡಘಟ್ಟದ ಆಚೀಚೆ ಇದು ಆಗದ ಕೆಲಸವಲ್ಲ. ಕಬ್ಬಿನ ಕಟಾವು ಜೋರಿರುವಾಗ ಮಾತ್ರ ಕೇಳಲು ಹೋಗಬೇಡಿ.