ಸೊಂಟದ ಸುತ್ತಳತೆಗೆ ಯಾರು ಹೊಣೆ?

ಮದುವೆ-ಮುಂಜಿಗಳಲ್ಲಿ ನಮ್ಮವರು ಸೇರಿದಾಗ ಹೆಂಗಸರ ಮೈಕಟ್ಟಿನ ಬಗ್ಗೆ ತೀರ್ಪು ಕೊಡಲು ಯಾರಿಗೂ ಸಂಕೋಚವಿಲ್ಲ. ‘ದಪ್ಪ ಆಗಿದ್ದೀಯಲ್ಲೇ’ ಎಂಬುದು ಕುಶಲಪ್ರಶ್ನೆಯಷ್ಟೇ ಸಹಜವಾಗಿಬಿಟ್ಟಿದೆ. ಅದರ ಹಿಂದೆ ಒಂದು ಆರೋಪವೂ ಇದೆ: ಈಕೆಗೆ ನಾಲಿಗೆಯ ಮೇಲೆ ಹತೋಟಿಯಿಲ್ಲ. ಈ ಆರೋಪ ನ್ಯಾಯವೆ?

ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯವೆಂದು ಫ್ರಾನ್ಸಿನ ವೈದ್ಯ ಜ್ಯಾಂ ವಾಗ್ 1947ರಲ್ಲೇ ಹೇಳಿದ್ದರು. ತೊಡೆ, ನಿತಂಬಗಳ ಕೊಬ್ಬು ಬಹುಮಟ್ಟಿಗೆ ಸಾಧು. ಬಸುರಿ-ಬಾಣಂತಿಯ ಕಾಲಕ್ಕೆಂದು ಮೈ ಕೂಡಿಟ್ಟುಕೊಂಡ ಗಂಟು. ಹೊಟ್ಟೆಯೊಳಗೆ ಕರುಳಿನ ಸುತ್ತ ಸೇರುವ ಕೊಬ್ಬಿನ ಸ್ವಭಾವವೇ ಬೇರೆ. ಅದರಿಂದ ಹೊರಟ ಕೊಬ್ಬಿನಾಮ್ಲಗಳು ನೇರವಾಗಿ ಯಕೃತ್ತಿಗೆ ಹೋಗುತ್ತವೆ. ಇನ್ಸುಲಿನ್ನಿನ ಮಾತು ನಡೆಯದಂತಾಗಿ ಸಕ್ಕರೆ ಕಾಯಿಲೆಗೆ, ಹೃದ್ರೋಗಕ್ಕೆ ದಾರಿಯಾಗುತ್ತದೆ. ಮುಟ್ಟು ನಿಂತ ಮೇಲಂತೂ ಈಸ್ಟ್ರೊಜೆನ್ ಇಳಿದು ಕೊಬ್ಬು ಹೊಟ್ಟೆಯ ಕಡೆಗೇ ಸೇರತೊಡಗುತ್ತದೆ. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕೆನ್ನುತ್ತಾರೆ ವೈದ್ಯರು.

ಅಂದರೆ ನಾವು ನೋಡಿ ನಗುವುದು ಎಷ್ಟೋ ಸಲ ನಿರುಪದ್ರವಿ ಕೊಬ್ಬನ್ನು. ಅಪಾಯದ ಕೊಬ್ಬು ಸೀರೆಯ ನೆರಿಗೆಯ ಹಿಂದೆ ಅಡಗಿ, ‘ಎಷ್ಟು ತೆಳ್ಳಗಿದ್ದಾಳೆ’ ಎಂಬ ಮೆಚ್ಚುಗೆಯನ್ನೂ ಪಡೆದಿರಬಹುದು!

ತಪ್ಪು ಹುಡುಕುತ್ತ ಹೋದರೆ ಎಲ್ಲಿಗೆ ತಲುಪುತ್ತೇವೆ? ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ಸಂಗಡಿಗರು 1993ರಿಂದ ಸುತ್ತಲಿನ ಹಳ್ಳಿಗಳ ಬಸುರಿಯರನ್ನು ಗಮನಿಸುತ್ತ ಬಂದರು. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ ಸುಮಾರು 2.7 ಕಿಲೋ. ಇಂಗ್ಲೆಂಡಿನ ಕೂಸುಗಳಿಗಿಂತ ಎಲ್ಲ ಅಳತೆಯಲ್ಲೂ ಚಿಕ್ಕವು, ಸ್ನಾಯು ಕಡಿಮೆ. ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿರಲಿಲ್ಲ. ತಾಯಿ ಅರೆಹೊಟ್ಟೆ ಉಂಡದ್ದರ ಲೆಕ್ಕ ಮಗಳ ಮೈಯಲ್ಲಿ ಬರೆದಿದ್ದರೆ ಮಗಳನ್ನು ಹೊಟ್ಟೆಬಾಕಿ ಎನ್ನುವುದು ಹೇಗೆ?

ಹಾಗೆಂದು ಎಲ್ಲವನ್ನೂ ಹಣೆಬರಹಕ್ಕೆ ಬಿಡಲು ನಾವು ಒಪ್ಪೆವು. ದಿನವೂ ಬಿರುಸಾಗಿ ನಡೆದರೆ, ತೂಕ ಇಳಿಯದಿದ್ದರೂ, ಒಳಗಿನ ಕೊಬ್ಬು ಕರಗುವುದುಂಟು. ಆದರೆ ನಡೆಯಲು ಹೊತ್ತು ಬೇಕಲ್ಲ! ಬೆಳಗಾಗುವ ಮೊದಲೇ ಎದ್ದು ನಾಲ್ವರ ಡಬ್ಬಿ ಕಟ್ಟಿ, ರಾತ್ರಿ ಎಲ್ಲರೂ ಉಂಡ ಮೇಲೆ ‘ಚೆಲ್ಲಬಾರದು’ ಎಂದು ಉಳಿದ ಅನ್ನವನ್ನೂ ತಾನೇ ಉಣ್ಣುವವಳಿಗೆ ಸಂಯಮದ ಉಪದೇಶ ಮಾಡುವುದು ಸುಲಭ. ಅವಳು ನಡೆದು ಬರುವ ಮುಕ್ಕಾಲು ಗಂಟೆ ಒಲೆಯ ಮುಂದೆ ಯಾರು ನಿಲ್ಲುತ್ತಾರೆ ಎಂಬುದನ್ನು ಮನೆಯವರೇ ಗೊತ್ತುಮಾಡಬೇಕು. ಅಳತೆಯ ಟೇಪು ಹೇಗೂ ಹೊರಗೆ ಬಂದಿರುತ್ತದೆ. ಯಜಮಾನರೂ ತಮ್ಮದನ್ನು ಅಳೆದುಕೊಳ್ಳಲಿ. ಅವರಿಗೆ ಗೆರೆ 90.