ಕ್ಯಾಲ್ಸಿಯಂನ ಸ್ವಭಾವ

ಧಾತುವಿನ ಗುಣ ಅದರೊಳಗೇ ನೆಲೆಸಿದೆಯೇ, ಸುತ್ತಲಿನ ಸನ್ನಿವೇಶದಿಂದ ಬರುತ್ತದೆಯೇ ಎಂಬ ಹಳೆಯ ಪ್ರಶ್ನೆಗೆ ಆಬ್ರೈಟ್ ಎಂಬ ವಿರಳ ಉಲ್ಕಾಶಿಲೆಗಳು ಗಟ್ಟಿ ಸಾಕ್ಷ್ಯ ಒದಗಿಸುತ್ತವೆ. ಇವುಗಳ ಬಹುಭಾಗ ಎನ್‌ಸ್ಟಟೈಟ್, ಅಂದರೆ ಕಬ್ಬಿಣ ಇಲ್ಲವೇ ಇಲ್ಲವೆನ್ನಬಹುದಾದ ಮೆಗ್ನೀಸಿಯಂ ಸಿಲಿಕೇಟ್. ಆಮ್ಲಜನಕದ ತೀವ್ರ ಕೊರತೆಯಲ್ಲಿ ಹುಟ್ಟಿದ ಕಾರಣ ಕಬ್ಬಿಣ ಲೋಹವಾಗಿ ಇಲ್ಲವೇ ಸಲ್ಫೈಡಾಗಿ ಉಳಿಯಿತು. ಸ್ವಲ್ಪ ಸಿಲಿಕಾನ್ ಕೂಡ ಆ ಲೋಹದಲ್ಲಿ ಕರಗಿತು.

ಹೆಚ್ಚಿನ ಬೆರಗು ಕ್ಯಾಲ್ಸಿಯಂನದು. ಭೂಮಿಯ ಶಿಲೆಗಳಲ್ಲಿ ಅದು ಆಮ್ಲಜನಕದ ಸಂಗಾತಿ. ಭೂರಸಾಯನಜ್ಞ ಗೋಲ್ಡ್‌ಶ್ಮಿಟ್ ಮಾಡಿದ ಧಾತುಗಳ ವರ್ಗೀಕರಣದಲ್ಲಿ ಅದಕ್ಕೆ ಶಿಲಾಪ್ರಿಯ ಧಾತುಗಳ ಸಾಲಿನಲ್ಲಿ ಜಾಗ. ಆದರೆ 1852ರಲ್ಲಿ ಇಂದಿನ ಉತ್ತರ ಪ್ರದೇಶದ ಬಸ್ತಿಯ ಬಳಿ ಬಿದ್ದ ಆಬ್ರೈಟಿನಲ್ಲಿ ಅದು ಗಂಧಕವನ್ನು ಕೂಡಿಕೊಂಡು ಕಂದು ಕಣಗಳಾಗಿತ್ತು. ಈ ಖನಿಜವನ್ನು ಗುರುತಿಸಿದ ಖನಿಜಶಾಸ್ತ್ರಜ್ಞ ಮ್ಯಾಸ್ಕಲಿನ್, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಥಾಮಸ್ ಓಲ್ಡ್‌ಹ್ಯಾಮ್ ಗೌರವಾರ್ಥ ಓಲ್ಡ್‌ಹ್ಯಾಮೈಟ್ ಎಂದು ಹೆಸರಿಟ್ಟರು. ತೇವ ತಾಗಿದರೆ ಅದು ಕೆಡುತ್ತದೆ.

ಕಾರಣಗಳನ್ನು ಅವಲಂಬಿಸಿ ಹುಟ್ಟಿದ್ದಕ್ಕೆ ಸ್ವತಂತ್ರ ಸ್ವಭಾವವಿಲ್ಲ ಎಂಬುದು ಬೌದ್ಧ ತತ್ತ್ವಜ್ಞ ನಾಗಾರ್ಜುನನ ವಾದ. ಶಿಲಾಪ್ರಿಯತೆಯ ಮಟ್ಟಿಗೆ ಆ ವಾದ ಒಪ್ಪತಕ್ಕದ್ದೇ: ಶಿಲಾಪ್ರಿಯತೆ ಕ್ಯಾಲ್ಸಿಯಂನ ಗುಣವಲ್ಲ, ಕ್ಯಾಲ್ಸಿಯಂ ಮತ್ತು ಆಮ್ಲಜನಕದ ನಡುವಿನ ಸಂಬಂಧ. ಆದರೂ ಎರಡೂ ನಡತೆಗಳನ್ನು ಒಂದೇ ಉಷ್ಣಬಲ ನಿಯಮ ವಿವರಿಸುತ್ತದೆ. ಆದ್ದರಿಂದ ಧಾತುವಿಗೆ ತನ್ನದೇನೂ ಇಲ್ಲವೆನ್ನುವುದು ಅವಸರದ ತೀರ್ಮಾನ.

ಉಲ್ಕಾಶಿಲೆಗಳ ವರ್ಗಗಳಿಗೂ ಇದೇ ತೊಡಕು. ಕರಗದೆ ಉಳಿದ ಎನ್‌ಸ್ಟಟೈಟ್ ಕಾಂಡ್ರೈಟುಗಳನ್ನು ಕಬ್ಬಿಣದ ಪ್ರಮಾಣದಿಂದ ಇಎಚ್, ಇಎಲ್ ಎಂದು ವಿಂಗಡಿಸುತ್ತಾರೆ. ನಿನಿಂಗರೈಟ್ ಎಂಬ ಖನಿಜ ಮೊದಲನೆಯದರ ಗುರುತು, ಅಲಬಂಡೈಟ್ ಎರಡನೆಯದರದು. ಆಬ್ರೈಟ್‌ಗಳು ಕರಗಿ ಮತ್ತೆ ಗಟ್ಟಿಯಾದವು. ಟೆಕ್ಸಸ್‌ನ ಶಾಲೋವಾಟರ್ ಶಿಲೆ ಖನಿಜಗಳ ದೃಷ್ಟಿಯಿಂದ ಆಬ್ರೈಟೇ, ಆದರೆ ಅದು ಒಡೆದು ಬಂದ ಮಾತೃಕಾಯ ಉಳಿದ ಆಬ್ರೈಟ್‌ಗಳದಕ್ಕಿಂತ ಬೇರೆಯೆಂಬುದು ಅಧ್ಯಯನಕಾರರ ಅಭಿಪ್ರಾಯ.